ಗೆರೆ ಎಳೆಯುವವರು ಯಾರು? ಮಸುಕು ಮಾತಿನ ಅರ್ಥ ಮತ್ತು ಉಪಯೋಗ



ಈ ಉಪನ್ಯಾಸದ ದತ್ತಿ ಪತ್ರದ ಒಂದು ಪ್ರತಿಯನ್ನು ಸಂಘಟಕರು ನನಗೂ ಕಳಿಸಿಕೊಟ್ಟಿದ್ದರು. ಅದರಲ್ಲಿ ದತ್ತಿಯ ಮೊತ್ತವನ್ನು ಅಂಕಿಯಲ್ಲೂ ಬರೆದಿದ್ದಾರೆ, ಅಕ್ಷರದಲ್ಲೂ ಬರೆದಿದ್ದಾರೆ, ಕೊನೆಗೆ ‘ಮಾತ್ರ’ ಎಂದೂ ಸೇರಿಸಿದ್ದಾರೆ. ಆದರೆ ಉಪನ್ಯಾಸಕರು ‘ಯೋಗ್ಯರು’ ಆಗಿರಬೇಕು, ವಿಷಯ ‘ಭಾಷೆಗೆ ಸಂಬಂಧಿಸಿದ್ದು, ಜನಸಾಮಾನ್ಯರಿಗೂ ಉಪಯುಕ್ತವಾದದ್ದು’ ಆಗಿರಬೇಕು, ಅವಧಿ ‘ಸುಮಾರು ಒಂದು ಗಂಟೆ’ ಎಂದಷ್ಟೇ ಇದೆ. ದುಡ್ಡಿನ ವಿಚಾರದಲ್ಲಿ ಅಷ್ಟು ಬಿಗಿ, ಮಿಕ್ಕದ್ದರಲ್ಲಿ ಇಷ್ಟು ಸಡಿಲ. ದಾನಿಗಳಿಗೆ ಬರೆಯಲು ಬರಲಿಲ್ಲವೆಂದು ಯಾರೂ ಹೇಳರು. ಮೊತ್ತವನ್ನು ಓದುವವರು ಬ್ಯಾಂಕಿನವರು. ಅಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾಗುವಂತಿಲ್ಲ. ಐವತ್ತು ವರ್ಷದ ಮೇಲೆ ಯಾವ ವಿಷಯ ಉಪಯುಕ್ತವೆನಿಸೀತು ಎಂಬುದನ್ನು ಮಾತ್ರ ಇವತ್ತೇ ಬರೆದಿಡಲಾಗದು. ಅದನ್ನು ಅವರು ಮುಂದೆ ಬರುವ ಸಮಿತಿಗಳಿಗೆ ಬಿಟ್ಟುಕೊಟ್ಟರು.

ನಾನು ಇವತ್ತು ಹೇಳಬೇಕೆಂದಿರುವುದು ಇದನ್ನೇ. ಅಂಚು ಮಸುಕಾದ ಮಾತು ಭಾಷೆಗೆ ಹಿಡಿದ ರೋಗವಲ್ಲ. ಅದು ಒಂದು ತೀರ್ಮಾನವನ್ನು ಈ ಹೊತ್ತಿನಿಂದ ಮುಂದಿನ ಹೊತ್ತಿಗೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಉಪಾಯ. ಹಾಗಾಗಿ ಅಂಥ ಮಾತು ಕಿವಿಗೆ ಬಿದ್ದಾಗ ‘ಇದರ ಖಚಿತ ಅರ್ಥವೇನು’ ಎಂದು ಪಟ್ಟು ಹಿಡಿಯುವುದಕ್ಕಿಂತ, ‘ಗೆರೆ ಎಳೆಯುವ ಕೆಲಸ ಈಗ ಯಾರ ಪಾಲಿಗೆ ಬಂತು’ ಎಂದು ಕೇಳುವುದು ಮೇಲು.

1. ಕಾಡು ಮತ್ತು ರಾಶಿ

ಎರಡರ್ಥದ ಮಾತು ಬೇರೆ, ಮಸುಕು ಮಾತು ಬೇರೆ. ‘ಕಾಡು’ ಎಂದರೆ ಅಡವಿ. ‘ಕಾಡು’ ಎಂದರೆ ಪೀಡಿಸು. ವಾಕ್ಯ ಪೂರ್ತಿ ಕಿವಿಗೆ ಬಿದ್ದರೆ ಯಾವುದೆಂದು ತಿಳಿಯುತ್ತದೆ, ಗೊಂದಲ ಅಲ್ಲಿಗೆ ಮುಗಿಯುತ್ತದೆ. ನಮ್ಮ ಕವಿಗಳ ಶ್ಲೇಷೆಯೆಲ್ಲ ಈ ಜಾತಿಯದು. ಆದರೆ ಅಡವಿ ಎಂಬ ಅರ್ಥವೇ ಸರಿ ಎಂದು ತೀರ್ಮಾನವಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಎಷ್ಟು ಮರ ಹೋದ ಮೇಲೆ ಕಾಡು ಕಾಡಲ್ಲ? ಇದಕ್ಕೆ ಯಾವ ನಿಘಂಟಿನಲ್ಲೂ ಉತ್ತರವಿಲ್ಲ. ನಾನು ಮಸುಕು ಎನ್ನುತ್ತಿರುವುದು ಇದನ್ನು.

ಈ ಬಗೆಯ ಪ್ರಶ್ನೆಗೆ ಹೆಸರಾದವನು ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ತಾರ್ಕಿಕ, ಮಿಲೀಟಸ್ ಊರಿನ ಯೂಬುಲಿಡೀಸ್. ಅವನ ಹೆಸರಿನಲ್ಲಿ ಬಂದಿರುವ ಒಗಟು ಧಾನ್ಯದ ರಾಶಿಯದು. ಕಣದಲ್ಲಿ ರಾಗಿಯ ರಾಶಿ ಇದೆ ಎನ್ನಿ. ಒಂದು ಕಾಳು ತೆಗೆದರೆ ರಾಶಿಗೆ ಏನೂ ಆಗುವುದಿಲ್ಲ. ಇದನ್ನು ಯಾರೂ ಅಲ್ಲಗಳೆಯರು. ಹಾಗಾದರೆ ಇನ್ನೊಂದು ತೆಗೆಯಿರಿ, ಮತ್ತೊಂದು ತೆಗೆಯಿರಿ. ಪ್ರತಿ ಸಲವೂ ‘ಹೂಂ, ಇನ್ನೂ ರಾಶಿಯೇ’ ಎಂದವನು ಕೊನೆಗೆ ಒಂದೇ ಒಂದು ಕಾಳಿನ ಮುಂದೆ ನಿಂತು ಇದೂ ರಾಶಿಯೇ ಎನ್ನಬೇಕಾಗುತ್ತದೆ. ಇಟ್ಟ ಹೆಜ್ಜೆಯೆಲ್ಲ ಸರಿ, ಮುಟ್ಟಿದ ಊರು ಮಾತ್ರ ತಪ್ಪು.

ತಾರ್ಕಿಕರ ಆಟ ಎಂದು ನಗಬಹುದು. ಮಲೆನಾಡಿನವರು ನಗಲಾರರು. 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅರಣ್ಯ ಎಂಬ ಪದವನ್ನು ನಿಘಂಟಿನ ಅರ್ಥದಲ್ಲೇ ತಿಳಿಯಬೇಕು, ಜಮೀನು ಯಾರ ಹೆಸರಿನಲ್ಲಿದ್ದರೂ ಸರಿ ಎಂದಿತು. ದಾಖಲೆಯಲ್ಲಿ ಅರಣ್ಯವೆಂದು ಬರೆದಿಲ್ಲ ಎಂಬ ನೆಪದಲ್ಲಿ ಮರ ಬೀಳಬಾರದು ಎಂಬುದು ಅದರ ಉದ್ದೇಶ. ಆದರೆ ಆ ಅರ್ಥ ಹಿಡಿದು ಪಟ್ಟಿ ಮಾಡುವ ಕೆಲಸ ರಾಜ್ಯಗಳ ಪಾಲಿಗೆ ಬಂತು. ನಮ್ಮಲ್ಲಿ ‘ಡೀಮ್ಡ್ ಫಾರೆಸ್ಟ್’ ಎಂದೇ ಜನ ಕರೆಯುವ ಆ ಪಟ್ಟಿಯಲ್ಲಿ ಮೊದಲು ಸುಮಾರು 9.9 ಲಕ್ಷ ಹೆಕ್ಟೇರ್ ಇತ್ತು; 2022ರ ಹೊತ್ತಿಗೆ ಅದು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಯಿತು. ಪಟ್ಟಿಯಿಂದ ಹೊರಬಿದ್ದ ಅಷ್ಟೂ ನೆಲದಲ್ಲಿ ಮರಗಳು ರಾತ್ರೋರಾತ್ರಿ ಮಾಯವಾಗಲಿಲ್ಲ. ಗೆರೆ ಸರಿಯಿತು, ಅಷ್ಟೆ. ತಲೆಮಾರಿನಿಂದ ಸಾಗುವಳಿ ಮಾಡಿದವರಿಗೂ ಕಾಡು ಉಳಿಯಲಿ ಎನ್ನುವವರಿಗೂ ಇರುವ ತಕರಾರು ನಿಘಂಟಿನ ಮೇಲಿನದಲ್ಲ. ಗೆರೆಯನ್ನು ಯಾರು ಎಳೆದರು, ಯಾರನ್ನು ಕೇಳಿ ಎಳೆದರು ಎಂಬುದರ ಮೇಲಿನದು.

2. ಖಚಿತತೆಯ ಹಂಬಲ

ತರ್ಕಶಾಸ್ತ್ರವನ್ನು ಗಣಿತದ ಬುನಾದಿಯಾಗಿಸಲು ಹೊರಟ ಜರ್ಮನಿಯ ಗಾಟ್ಲೋಬ್ ಫ್ರೇಗೆಗೆ ಈ ಮಸುಕು ಸಹಿಸಲಾಗದ್ದಾಗಿತ್ತು. ಸುತ್ತಳತೆ ಗೊತ್ತಿಲ್ಲದ ಪರಿಕಲ್ಪನೆ ತರ್ಕದ ಲೆಕ್ಕಕ್ಕೆ ಪರಿಕಲ್ಪನೆಯೇ ಅಲ್ಲ ಎಂಬುದು ಅವನ ನಿಲುವು. ಬರ್ಟ್ರಂಡ್ ರಸೆಲ್ 1923ರಲ್ಲಿ ಇದೇ ವಿಷಯದ ಮೇಲೆ ಒಂದು ಪ್ರಬಂಧ ಪ್ರಕಟಿಸಿ, ಮನುಷ್ಯರಾಡುವ ಎಲ್ಲ ಮಾತೂ ಒಂದಲ್ಲ ಒಂದು ಮಟ್ಟಿಗೆ ಮಸುಕೇ, ತರ್ಕ ಬಯಸುವ ಖಚಿತತೆ ಈ ಲೋಕದ್ದಲ್ಲ ಎಂದು ಒಪ್ಪಿಕೊಂಡ. ನಮ್ಮ ಕಾಲದ ತಿಮೊತಿ ವಿಲಿಯಮ್‌ಸನ್ 1994ರ ತಮ್ಮ ಪುಸ್ತಕದಲ್ಲಿ ಇನ್ನೂ ಅಚ್ಚರಿಯ ಮಾತು ಹೇಳಿದರು: ರಾಶಿಗೂ ರಾಶಿಯಲ್ಲದ್ದಕ್ಕೂ ನಡುವೆ ಒಂದು ಕಾಳಿನ ಖಚಿತ ಗೆರೆ ಇದ್ದೇ ಇದೆ, ಅದು ಎಲ್ಲಿದೆಯೆಂದು ನಮಗೆ ತಿಳಿಯುವುದು ಸಾಧ್ಯವಿಲ್ಲ, ಅಷ್ಟೆ. ತರ್ಕವನ್ನು ಉಳಿಸಿಕೊಳ್ಳಲು ಅವರು ತೆತ್ತ ಬೆಲೆ ಇದು.

ಲುಡ್ವಿಗ್ ವಿಟ್ಗೆನ್‌ಸ್ಟೈನ್ ಬೇರೆ ದಾರಿ ಹಿಡಿದ. ಅವನು ತೀರಿಕೊಂಡ ಮೇಲೆ 1953ರಲ್ಲಿ ಹೊರಬಂದ ಗ್ರಂಥದಲ್ಲಿ, ಒಬ್ಬ ಇನ್ನೊಬ್ಬನಿಗೆ ಕೈ ತೋರಿಸಿ ‘ಸುಮಾರು ಅಲ್ಲಿ ನಿಂತುಕೋ’ ಎನ್ನುವ ಪ್ರಸಂಗವಿದೆ. ಅಕ್ಷಾಂಶ ರೇಖಾಂಶ ಕೊಡಲಿಲ್ಲವೆಂದು ಆ ಮಾತು ಕೆಲಸಕ್ಕೆ ಬಾರದ್ದೇ? ನಿಂತುಕೊಳ್ಳುವವನು ನೆರಳು ನೋಡಿಕೊಂಡು, ಕಲ್ಲುಮುಳ್ಳು ತಪ್ಪಿಸಿಕೊಂಡು ಒಂದು ಜಾಗ ಆರಿಸಿಕೊಳ್ಳುತ್ತಾನೆ. ಹೇಳಿದವನು ಬಿಟ್ಟ ಜಾಗವನ್ನು ಕೇಳಿದವನ ಬುದ್ಧಿ ತುಂಬುತ್ತದೆ.

ಬಾಕುವಿನಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಲಾಟ್ಫಿ ಝಾದೆ 1965ರಲ್ಲಿ ಇದನ್ನೇ ಗಣಿತಕ್ಕೆ ತಂದರು. ಹೌದು, ಅಲ್ಲ ಎಂಬ ಎರಡೇ ಉತ್ತರದ ಬದಲು ಸೊನ್ನೆಗೂ ಒಂದಕ್ಕೂ ನಡುವೆ ಎಷ್ಟು ಪಾಲು ಹೌದು ಎಂದು ಲೆಕ್ಕ ಹಾಕುವುದು ಅವರ ಕ್ರಮ. 1987ರಲ್ಲಿ ಓಡಲಾರಂಭಿಸಿದ ಜಪಾನಿನ ಸೆಂಡಾಯ್ ನಗರದ ಸುರಂಗ ರೈಲು ನಿಲ್ದಾಣದಲ್ಲಿ ಮೆಲ್ಲಗೆ ನಿಂತದ್ದು ಈ ಲೆಕ್ಕದ ಬಲದಿಂದ. ಆಮೇಲೆ ನಮ್ಮ ಮನೆಗಳ ಬಟ್ಟೆ ಒಗೆಯುವ ಯಂತ್ರಗಳ ಮೇಲೂ ‘ಫಜಿ ಲಾಜಿಕ್’ ಎಂಬ ಅಂಟುಚೀಟಿ ಬಂತು. ಆದರೆ ಯಂತ್ರದೊಳಗೆ ‘ತುಸು ಕೊಳೆ’ ಎಂದರೆ ಎಷ್ಟು ಪಾಲು ಎಂದು ಯಾರೋ ಒಬ್ಬ ಎಂಜಿನಿಯರ್ ಮೊದಲೇ ಕೂತು ಬರೆದಿರುತ್ತಾನೆ. ಮಸುಕು ಅಲ್ಲಿ ಅಳಿಸಿಹೋಗಲಿಲ್ಲ, ಗೆರೆ ಎಳೆಯುವ ಕೈ ಬದಲಾಯಿತು.

ಹವಾಮಾನ ಇಲಾಖೆಯದೂ ಇದೇ ಕಥೆ. ಅದರ ಭಾಷೆಯಲ್ಲಿ ‘ಭಾರಿ ಮಳೆ’ ಎಂದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್. 64.4 ಬಿದ್ದರೆ ಅದು ಭಾರಿಯಲ್ಲ. ಕೂದಲೆಳೆಯಷ್ಟೂ ಇಲ್ಲದ ಆ ವ್ಯತ್ಯಾಸ ಬೆಂಗಳೂರಿನ ರಾಜಕಾಲುವೆಗೆ ಗೊತ್ತಾಗದು, ಆಗುಂಬೆಯವರಿಗೆ ನಗು ಬಂದೀತು. ಆದರೂ ಎಚ್ಚರಿಕೆ ಹೊರಡಿಸುವ ಕಚೇರಿಗೆ ಎಲ್ಲೋ ಒಂದು ಕಡೆ ಗೆರೆ ಬೇಕು. ಅದು ಅಲ್ಲೇ ಏಕೆ ಎಂಬುದಕ್ಕೆ ಪ್ರಕೃತಿಯಲ್ಲಿ ಕಾರಣವಿಲ್ಲ. ಎಲ್ಲರಿಗೂ ಒಂದೇ ಗೆರೆ, ಅದು ಎಲ್ಲರಿಗೂ ಮೊದಲೇ ಗೊತ್ತು ಎಂಬುದಷ್ಟೇ ಅದರ ಬಲ.

3. ಕನ್ನಡದ ಹದ

ಕನ್ನಡ ಮಸುಕನ್ನು ನಿಯಮ ಕಟ್ಟಿ ಸಾಕಿಕೊಂಡಿರುವ ಭಾಷೆ. ನಾಲ್ಕೈದು, ಏಳೆಂಟು, ಹತ್ತಿಪ್ಪತ್ತು ಎನ್ನುತ್ತೇವೆ; ಹನ್ನೊಂದಿಪ್ಪತ್ತು ಎಂದು ಯಾರೂ ಅನ್ನುವುದಿಲ್ಲ. ಹತ್ತಾರು, ನೂರಾರು, ಸಾವಿರಾರು ಎಂದು ಒಂದೊಂದು ಅಂತಸ್ತಿಗೂ ಒಂದೊಂದು ಅಂದಾಜು ಇದೆ. ‘ಕಾಫಿ ಗೀಫಿ ಆಯ್ತಾ’ ಎಂದಾಗ ಆ ‘ಗೀಫಿ’ಯೊಳಗೆ ತಿಂಡಿಯೂ ಸೇರಬಹುದು, ಬರೀ ವಿಶ್ವಾಸವೂ ಇರಬಹುದು. ಯಾರೋ, ಎಲ್ಲೋ, ಎಂದೋ ಎಂಬಲ್ಲಿ ಒಂದು ‘ಓ’ ಸಾಕು, ಗುರುತು ಹಿಂದೆ ಸರಿಯುತ್ತದೆ. ‘ಬಂದಾನು’, ‘ಆದೀತು’ ಎಂಬ ಸಂಭಾವನಾರ್ಥಕ ರೂಪಗಳಲ್ಲಿ ಬರುವುದಕ್ಕೂ ಬಾರದಿರುವುದಕ್ಕೂ ಜಾಗವಿದೆ.

ಅಡುಗೆಯವರ ‘ರುಚಿಗೆ ತಕ್ಕಷ್ಟು’, ರೈತರ ‘ಹದ’ ಎರಡೂ ಇದೇ ಬಳಗದವು. ಮಳೆ ಬಿದ್ದ ಮೇಲೆ ನೆಲ ಹದಕ್ಕೆ ಬಂತೇ ಎಂದು ನೋಡಲು ರೈತ ಒಂದು ಹಿಡಿ ಮಣ್ಣು ಹಿಸುಕಿ ಉದುರಿಸುತ್ತಾನೆ. ಆ ಹದವನ್ನು ಇಷ್ಟು ಎಂದು ಅಂಕಿಯಲ್ಲಿ ಬರೆದರೆ ಎರೆಭೂಮಿಗೆ ಒಪ್ಪಿದ್ದು ಕೆಂಪು ಮಣ್ಣಿಗೆ ಒಪ್ಪದು. ತೀರ್ಮಾನ ಮಾಡಬೇಕಾದವನು ಸ್ಥಳದಲ್ಲಿದ್ದಾನೆ, ತಪ್ಪಿದರೆ ನಷ್ಟವೂ ಅವನದೇ. ಇಂಥ ಕಡೆ ಮಸುಕು ಮಾತೇ ಸರಿಯಾದ ಮಾತು. ಅದೇ ರೈತ ಬದುವಿನ ತಕರಾರಿಗೆ ನಿಂತರೆ ಹದದ ಭಾಷೆ ಬಿಟ್ಟು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರ ಅಡಿ ಎಂದು ಸರ್ವೆಯವರನ್ನು ಕರೆಸುತ್ತಾನೆ. ಗೆರೆಯ ಆಚೆ ಈಗ ಇನ್ನೊಬ್ಬನಿದ್ದಾನೆ.

ಪತ್ರಿಕೆಗಳ ‘ಕಾಣೆಯಾಗಿದ್ದಾರೆ’ ಪ್ರಕಟಣೆ ನೋಡಿ: ಗೋಧಿ ಮೈಬಣ್ಣ, ಕೋಲು ಮುಖ, ಸಾಧಾರಣ ಮೈಕಟ್ಟು. ಈ ವಿವರಣೆಗೆ ಬಸ್ ನಿಲ್ದಾಣದಲ್ಲಿ ನಿಂತ ಅರ್ಧ ಜನ ಹೊಂದುತ್ತಾರೆ. ಹೇಮಂತ್ ರಾವ್ 2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಚಿತ್ರ ಮಾಡಿದಾಗ, ಮರೆವಿನ ಕಾಯಿಲೆಯ ತಂದೆ ಮಗನಿಗೆ ಎಷ್ಟು ಅಪರಿಚಿತನಾಗಿದ್ದ ಎಂಬುದನ್ನು ಹೆಸರೇ ಹೇಳಿತು. ಆದರೂ ಪೊಲೀಸರು ಹಾಗೆ ಬರೆಯುವುದಕ್ಕೆ ಕಾರಣವಿದೆ. ಹೊರಟಾಗ ಇದ್ದ ಗಡ್ಡ ಈಗ ಇಲ್ಲದಿರಬಹುದು, ಅಂಗಿ ಬದಲಾಗಿರಬಹುದು. ಬಲೆಯ ಕಣ್ಣು ತೀರಾ ಕಿರಿದಾದರೆ ಸಿಗಬೇಕಾದವರೇ ತಪ್ಪಿಹೋಗುತ್ತಾರೆ.

ಕಾವ್ಯದಲ್ಲಿ ಈ ಸ್ವಾತಂತ್ರ್ಯ ಓದುಗರದು. ದಂಡಿ ತನ್ನ ‘ಕಾವ್ಯಾದರ್ಶ’ದಲ್ಲಿ ಸಂಶಯಕ್ಕೆ ಎಡೆಗೊಡುವ ಮಾತನ್ನು ಕಾವ್ಯದೋಷಗಳ ಸಾಲಿನಲ್ಲಿಟ್ಟ, ಕೂಡಲೇ, ಸಂಶಯ ಹುಟ್ಟಿಸಬೇಕೆಂದೇ ಆಡಿದ್ದಾದರೆ ಅದು ದೋಷವಲ್ಲ, ಅಲಂಕಾರ ಎಂದೂ ಸೇರಿಸಿದ. ತಿಳಿಯದೆ ಮಸುಕಾಡುವುದು ಬೇರೆ, ತಿಳಿದು ಬಿಟ್ಟುಕೊಡುವುದು ಬೇರೆ.

ಸಂಸಾರದ ಮಾತಿನಲ್ಲೂ ಈ ಬಿಟ್ಟುಕೊಡುವಿಕೆ ಇದೆ. ಹೆಣ್ಣು ನೋಡಲು ಬಂದವರು ‘ಊರಿಗೆ ಹೋಗಿ ತಿಳಿಸುತ್ತೇವೆ’ ಎಂದು ಎದ್ದರೆ, ಒಪ್ಪಿಗೆಯಿಲ್ಲ ಎಂಬುದು ಮನೆಯವರಿಗೆ ಎಷ್ಟೋ ಸಲ ಆಗಲೇ ಗೊತ್ತಾಗಿರುತ್ತದೆ. ಯಾರೂ ಯಾರಿಗೂ ಮೋಸ ಮಾಡಲಿಲ್ಲ, ಹುಡುಗಿಯ ಎದುರು ಒಂದು ಕಟುಮಾತು ತಪ್ಪಿತು. ಆದರೆ ಸಾಲ ತೆಗೆದುಕೊಂಡವನು ‘ನೋಡೋಣ’ ಎಂದರೆ ಕೇಳುವವರಿಗೆ ಸಿಟ್ಟು ಬರುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಎನ್ನುತ್ತಾರೆ. ಆ ಮಾತು ಬೈಯುವುದು ಬೆಳಕು ಸಾಲದೆಂದಲ್ಲ. ಎರಡೂ ಕೋಣೆಗೆ ತನ್ನವನೆನಿಸಿಕೊಂಡು ಯಾವ ಕೋಣೆಗೂ ಬಾಧ್ಯನಾಗದವನನ್ನು.

ಸರ್ಕಾರಿ ಕನ್ನಡ ಈ ದೀಪವಿಡುವುದರಲ್ಲಿ ಪಳಗಿದೆ. ‘ಪರಿಶೀಲಿಸಿ ಶೀಘ್ರದಲ್ಲೇ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಕರ್ತೃವಿಲ್ಲ, ಕಾಲವಿಲ್ಲ, ಕ್ರಮ ಯಾವುದೆಂಬುದೂ ಇಲ್ಲ. ‘ಸಕಾಲ’ ಎಂದು ಜನ ಬಲ್ಲ 2011ರ ಕಾಯ್ದೆ ಇದಕ್ಕೆ ಮಾಡಿದ ಮದ್ದು ಸರಳ: ಇಂಥ ಸೇವೆ, ಇಷ್ಟು ಕೆಲಸದ ದಿನ, ಇಂಥ ಅಧಿಕಾರಿ, ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು. ವಾಕ್ಯಕ್ಕೆ ಕರ್ತೃ ಬಂದದ್ದು ದೊಡ್ಡದು.

4. ತಿರುಳು ಮತ್ತು ಗಡಿ

ಮಸುಕು ಅಂಚಿನ ವಸ್ತುವನ್ನು ವರ್ಣಿಸುವುದು ಹೇಗೆಂದು ನಮ್ಮ ಮೊದಲ ಲಕ್ಷಣಗ್ರಂಥಕ್ಕೇ ಗೊತ್ತಿತ್ತು. 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡ ನಾಡನ್ನು ಕಾವೇರಿ ಗೋದಾವರಿಗಳ ನಡುವೆ ಇಟ್ಟು, ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ನೆಲವನ್ನು ಕನ್ನಡದ ತಿರುಳೆಂದು ಗುರುತಿಸಿತು. ಇವತ್ತಿನ ಹೆಸರಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಸೀಮೆಯ ಒಕ್ಕುಂದ. ನಡುವೆ ಗಟ್ಟಿ, ಅಂಚಿಗೆ ಹೋದಂತೆ ತೆಳು. ಮನುಷ್ಯರು ಪದಗಳ ಅರ್ಥವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದೂ ಹೀಗೆಯೇ, ಒಳ್ಳೆಯ ಮಾದರಿಯೊಂದನ್ನು ನಡುವೆ ನಿಲ್ಲಿಸಿ ಎಂದು ಎಲಿನಾರ್ ರಾಶ್ ಎಂಬ ಮನೋವಿಜ್ಞಾನಿ 1970ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದರು. ಹಕ್ಕಿ ಎಂದರೆ ಮೊದಲು ಗುಬ್ಬಚ್ಚಿ ನೆನಪಾಗುತ್ತದೆ, ಉಷ್ಟ್ರಪಕ್ಷಿ ಆಮೇಲೆ.

ತಿರುಳು ತೋರಿಸಿ ಗ್ರಂಥ ಬರೆಯಬಹುದು, ರಾಜ್ಯ ಕಟ್ಟಲಾಗದು. 1956ರ ನವೆಂಬರ್ 1ರಂದು ತುಳು, ಕನ್ನಡ, ಮಲಯಾಳ ಒಂದರೊಳಗೊಂದು ಬೆರೆತ ಕಾಸರಗೋಡಿನ ಮೇಲೆ ಗೆರೆ ಬಿತ್ತು. ಕಾಸರಗೋಡು ಕೇರಳಕ್ಕೆ ಸೇರಿತು. ಆ ನೋವು ಇನ್ನೂ ಆರಿಲ್ಲ. ಆದರೆ ಭಾರತದ ಕಾನೂನಿನ ಅತ್ಯಂತ ಫಲವತ್ತಾದ ಮಸುಕು ಮಾತು ಹುಟ್ಟಿದ್ದು ಆ ಗೆರೆಯ ಆಚೆಗೆ ಬಿದ್ದ ಒಂದು ಮಠದ ದಾವೆಯಿಂದ.

5. ಕಾನೂನಿನ ಕೈ

ಅಲ್ಲಿಗೆ ಹೋಗುವ ಮೊದಲು ಕೆಟ್ಟ ಉದಾಹರಣೆಯೊಂದನ್ನು ನೋಡೋಣ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ‘ತೀವ್ರ ಆಕ್ಷೇಪಾರ್ಹ’ ಸಂದೇಶಕ್ಕೂ, ಸುಳ್ಳೆಂದು ತಿಳಿದು ‘ಕಿರಿಕಿರಿ’ ‘ಅನಾನುಕೂಲ’ ಉಂಟುಮಾಡಲು ಕಳಿಸಿದ ಸಂದೇಶಕ್ಕೂ ಮೂರು ವರ್ಷದವರೆಗೆ ಜೈಲು ಎಂದಿತ್ತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರಿನಲ್ಲಿ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದ ತರುಣಿಯೂ ಅದನ್ನು ಮೆಚ್ಚಿದ ಗೆಳತಿಯೂ ಬಂಧನಕ್ಕೊಳಗಾದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದು ಮಾಡಿತು. ಅದರ ಪದಗಳ ಮಸುಕು ಒಂದು ಮುಖ್ಯ ಕಾರಣ.

ಆದರೆ ನಮ್ಮ ಸಂವಿಧಾನದ 19ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ‘ಸಮಂಜಸ’ ನಿರ್ಬಂಧ ಎಂಬ ಮಾತಿದೆಯಲ್ಲ? 1951ರ ಮೊದಲ ತಿದ್ದುಪಡಿಯಲ್ಲಿ ಸೇರಿದ ಆ ವಿಶೇಷಣ ಕಿರಿಕಿರಿಯಷ್ಟೇ ಮಸುಕು. ಒಂದನ್ನು ಕಾಪಾಡಿಕೊಂಡು ಇನ್ನೊಂದನ್ನು ಹೊಡೆದುಹಾಕಿದ್ದು ಏಕೆ? ‘ಕಿರಿಕಿರಿ’ಗೆ ಮೊದಲು ಗೆರೆ ಎಳೆಯುವವನು ಠಾಣೆಯ ಅಧಿಕಾರಿ, ಕಾರಣ ವಿವರಿಸುವ ಮೊದಲೇ ಕೋಳ ಬಿದ್ದಿರುತ್ತದೆ. ‘ಸಮಂಜಸ’ಕ್ಕೆ ಗೆರೆ ಎಳೆಯುವುದು ತೆರೆದ ನ್ಯಾಯಾಲಯ, ಎರಡೂ ಕಡೆಯ ವಾದ ಕೇಳಬೇಕು, ಕಾರಣ ಬರೆಯಬೇಕು. ಮೊದಲನೆಯದು ಪ್ರಜೆಯನ್ನು ಕಟ್ಟುತ್ತದೆ, ಎರಡನೆಯದು ಸರ್ಕಾರವನ್ನು.

ಈಗ ಆ ಮಠದ ವಿಷಯ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಮಠದ ಜಮೀನಿಗೆ ಸಂಬಂಧಿಸಿ ಕೇರಳದ ಭೂಸುಧಾರಣಾ ಕಾಯ್ದೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ, ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ‘ಮೂಲ ರಚನೆ’ಯನ್ನು ಕೆಡಿಸುವಂತಿಲ್ಲ ಎಂದಿತು. ಮೂಲ ರಚನೆ ಎಂದರೇನು? ಒಬ್ಬೊಬ್ಬ ನ್ಯಾಯಮೂರ್ತಿ ಒಂದೊಂದು ಪಟ್ಟಿ ಕೊಟ್ಟರು. ಇಷ್ಟೇ ಎಂದು ಯಾರೂ ಮುಚ್ಚಳ ಹಾಕಲಿಲ್ಲ. ಅಂದು ಪೂರ್ಣ ಪಟ್ಟಿ ಬರೆದಿದ್ದರೆ ಅದರ ಸಂದು ಹುಡುಕಿ ನುಸುಳುವುದು ಸುಲಭವಾಗುತ್ತಿತ್ತು. ತುರ್ತು ಪರಿಸ್ಥಿತಿಯಲ್ಲಿ ಬಂದ 42ನೇ ತಿದ್ದುಪಡಿ ಸಂಸತ್ತಿನ ಈ ಅಧಿಕಾರಕ್ಕೆ ಮಿತಿಯೇ ಇಲ್ಲ ಎಂದು ಬರೆದಾಗ, ಬೆಂಗಳೂರಿನ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ, 1980ರಲ್ಲಿ, ಕೋರ್ಟು ಆ ಭಾಗವನ್ನೇ ತೆಗೆದುಹಾಕಿತು. ಮಿತಿಯುಳ್ಳ ಅಧಿಕಾರವೂ ಮೂಲ ರಚನೆಯ ಒಂದು ಅಂಗ ಎಂದಿತು.

ಇದರಲ್ಲಿ ಅಪಾಯವಿಲ್ಲವೆಂದಲ್ಲ. ಚುನಾಯಿತರಲ್ಲದವರ ಕೈಗೆ ಇಷ್ಟು ದೊಡ್ಡ ಗೆರೆ ಕೊಡುವುದು ಸರಿಯೇ ಎಂಬ ಪ್ರಶ್ನೆ ಅಂದಿನಿಂದಲೂ ಇದೆ, ಇರಬೇಕು. ಗಲ್ಲು ಶಿಕ್ಷೆಯಲ್ಲಿ ಈ ಅಪಾಯ ಇನ್ನೂ ಚುರುಕಾಗಿ ತಟ್ಟುತ್ತದೆ. 1980ರ ಬಚ್ಚನ್ ಸಿಂಗ್ ತೀರ್ಪು ‘ಅಪರೂಪದಲ್ಲೇ ಅಪರೂಪ’ದ ಪ್ರಕರಣಕ್ಕೆ ಮಾತ್ರ ಗಲ್ಲು ಎಂದಿತು, ಭಿನ್ನಮತ ಬರೆದ ನ್ಯಾಯಮೂರ್ತಿ ಪಿ. ಎನ್. ಭಗವತಿ, ಹಾಗಾದರೆ ಒಬ್ಬನ ಜೀವ ಯಾವ ಪೀಠದ ಮುಂದೆ ಬಂದನೆಂಬುದರ ಮೇಲೆ ನಿಲ್ಲುತ್ತದೆ ಎಂದು ಎಚ್ಚರಿಸಿದರು. ಎಳೆದ ಗೆರೆಯನ್ನು ಮತ್ತೆ ಅಳಿಸಿ ಎಳೆಯಲಾಗದ ಕಡೆ ಮಸುಕು ಮಾತಿನ ಬೆಲೆ ವಿಪರೀತ.

6. ಸದನದ ಒಳಗೆ

ಕೊನೆಯದಾಗಿ 356ನೇ ವಿಧಿ. ರಾಜ್ಯದ ಆಡಳಿತವನ್ನು ಸಂವಿಧಾನಕ್ಕೆ ಅನುಗುಣವಾಗಿ ನಡೆಸಲಾಗದ ‘ಪರಿಸ್ಥಿತಿ’ ಉಂಟಾದರೆ ರಾಷ್ಟ್ರಪತಿ ಆಡಳಿತ ಬರಬಹುದು ಎನ್ನುತ್ತದೆ ಅದು. ಎಂಥ ಪರಿಸ್ಥಿತಿ ಎಂದು ಬರೆದಿಲ್ಲ. ಬರೆಯಲು ಆಗುತ್ತಲೂ ಇರಲಿಲ್ಲ. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ, ಈ ವಿಧಿ ಬಳಕೆಗೆ ಬಾರದೆ ಕಾಗದದಲ್ಲೇ ಉಳಿಯಲಿ ಎಂಬ ಆಶಯ ವ್ಯಕ್ತಪಡಿಸಿದ್ದರು. ಮುಂದೆ ಆದದ್ದು ಬೇರೆ. ಹತ್ತಾರು ಸರ್ಕಾರಗಳು ಈ ಒಂದು ಪದದ ಮೇಲೆ ಉರುಳಿದವು.

1989ರ ಏಪ್ರಿಲಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ ಅವರ ಸರಕಾರಕ್ಕೆ ಬೆಂಬಲ ಹಿಂತೆಗೆದುಕೊಂಡಿದ್ದೇವೆಂದು 19 ಶಾಸಕರ ಪತ್ರಗಳು ರಾಜ್ಯಪಾಲರ ಕೈಗೆ ಬಂದವು. ಅವರಲ್ಲಿ ಕೆಲವರು ಸಹಿ ತಪ್ಪು ತಿಳಿವಳಿಕೆಯಿಂದ ಆದದ್ದೆಂದು ಹಿಂದೆ ಸರಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿ ಕೇಳಿದರು, ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರಕಾರ ವಜಾ ಆಯಿತು. ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದ ಅವರ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಆ ವಜಾ ಅಸಾಂವಿಧಾನಿಕ ಎಂದಿತು.

ಆ ತೀರ್ಪು 356ನೇ ವಿಧಿಯ ಒಂದು ಅಕ್ಷರವನ್ನೂ ಬದಲಿಸಲಿಲ್ಲ ಎಂಬುದನ್ನು ಗಮನಿಸಿ. ‘ಪರಿಸ್ಥಿತಿ’ ಎಂಬ ಪದ ಇವತ್ತಿಗೂ ಅಷ್ಟೇ ಮಸುಕಾಗಿದೆ. ಬದಲಾದದ್ದು ಗೆರೆ ಎಳೆಯುವ ಜಾಗ: ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದ ಕೋಣೆಯಲ್ಲಲ್ಲ, ಸದನದ ಒಳಗೆ ಎಲ್ಲರ ಎದುರು ಇತ್ಯರ್ಥವಾಗಬೇಕು, ಅದನ್ನು ಮೀರಿದರೆ ಕೋರ್ಟು ನೋಡಬಹುದು.

ಆದ್ದರಿಂದ ಕನ್ನಡದಲ್ಲಿ ಆದೇಶ, ನಿಯಮ, ಕರಾರು ಬರೆಯುವವರಿಗೂ ಅವನ್ನು ಓದುವ ನಮಗೂ ನನ್ನ ಸೂಚನೆ ಮಸುಕು ಪದಗಳನ್ನೆಲ್ಲ ಗುಡಿಸಿ ಹಾಕಿ ಎಂದಲ್ಲ. ‘ಸೂಕ್ತ’, ‘ಯೋಗ್ಯ’, ‘ಸಮಂಜಸ’ ಇಲ್ಲದೆ ಯಾವ ಸಮಾಜವೂ ನಡೆಯದು; ನಾಳೆ ಬರುವುದನ್ನೆಲ್ಲ ಇಂದೇ ಎಣಿಸಿಡಬಲ್ಲವರಿಗೆ ಮಾತ್ರ ಅವು ಬೇಡ. ಅಂಥ ಪದ ಕಂಡಲ್ಲಿ ಮೂರು ಪ್ರಶ್ನೆ ಕೇಳಿ: ಗೆರೆ ಎಳೆಯುವವರು ಯಾರು? ಎಲ್ಲರಿಗೂ ಕಾಣುವ ಜಾಗದಲ್ಲಿ ಎಳೆಯುತ್ತಾರೆಯೇ? ತಪ್ಪಾದರೆ ಅಳಿಸುವ ದಾರಿ ಇದೆಯೇ? ಈ ಮೂರಕ್ಕೂ ಉತ್ತರವಿರುವ ಮಸುಕು ಮಾತು ಸ್ವಾತಂತ್ರ್ಯದ ಜಾಗ. ಉತ್ತರವಿಲ್ಲದ್ದು ಬಲಶಾಲಿಯ ಜೇಬಿನಲ್ಲಿರುವ ಖಾಲಿ ಚೆಕ್ಕು.

ಕೇಳುವುದನ್ನು ತಡಮಾಡಬೇಡಿ. ಬೊಮ್ಮಾಯಿ ಪ್ರಕರಣದ ತೀರ್ಪು ಬಂದದ್ದು ವಜಾ ಆದ ಸುಮಾರು ಐದು ವರ್ಷಕ್ಕೆ. ಅಷ್ಟರಲ್ಲಿ 1989ರ ನವೆಂಬರಿನಲ್ಲೇ ಚುನಾವಣೆ ನಡೆದು ಬೇರೆ ವಿಧಾನಸಭೆ ಬಂದಿತ್ತು. ಗೆದ್ದ ದಾವೆಯಿಂದ ಮುಂದಿನ ಮುಖ್ಯಮಂತ್ರಿಗಳಿಗೆ ರಕ್ಷಣೆ ಸಿಕ್ಕಿತು, ಬೊಮ್ಮಾಯಿಯವರಿಗೆ ಕುರ್ಚಿ ಮರಳಲಿಲ್ಲ.